ಹಾಲು ಬಿಡಿಸಿಲ್ಲ, ಪಂಪು ಬಿಟ್ಟಿದ್ದು

ಸಂಕ್ರಾಂತಿಯ ಮರುದಿನ ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಫೋನಿನಲ್ಲಿ ಹೇಳಿದೆ, "ಆಫೀಸಲ್ಲಿ ಹಾಲು ತೆಗೆಯದು ಬಿಟ್ಟಿ" ಅಂತ. ಆಚೆ ಕಡೆ ಸದ್ದಿಲ್ಲ. ಆಮೇಲೆ, "ಅಯ್ಯೋ, ಇಷ್ಟು ಲಗೂನ ಹಾಲು ಬಿಡ್ಸಿದ್ಯನೇ ತಂಗಿ?"

"ಬಿಡ್ಸಿದ್ನಿಲ್ಲೆ ಆಯಿ. ಪಂಪು ಬಿಟ್ಟಿದ್ದು."

"ಎರಡೂ ಒಂದೇ ಅಲ್ದನೇ?"

ಒಂದೇ ಅಲ್ಲ. ನಾನು ಬಿಟ್ಟಿದ್ದು ಆಫೀಸಿನಲ್ಲಿ ಪಂಪು ಹಚ್ಚಿ ಎದೆಹಾಲು ತೆಗೆಯೋದನ್ನು, ಕೂಸಿಗೆ ಹಾಲು ಕೊಡೋದನ್ನಲ್ಲ. ಆದರೆ ಆಯಿಯನ್ನು ದೂರಿ ಏನು ಮಾಡೋದು? ನಮ್ಮಲ್ಲಿ 'ಹಾಲು ಬಿಡಿಸೋದು' ಅಂತ ಇರೋದು ಒಂದೇ ಮಾತು. ಬೇವು ಅರೆದು ಹಚ್ಚಿ, ಮಗುವನ್ನು ಎರಡು ದಿನ ಅಜ್ಜಿ ಪಕ್ಕ ಮಲಗಿಸಿ ಮುಗಿಸುವ ಕೆಲಸಕ್ಕೆ ಆ ಮಾತು. ಹಗಲು ಕುಮಟಾದಿಂದ 70 ಕಿಲೋಮೀಟರ್ ದೂರ ಕಾರವಾರದಲ್ಲಿ ಕೂತು ದುಡಿದು, ರಾತ್ರಿ ಮನೆಗೆ ಬಂದು ಕೂಸಿಗೆ ಹಾಲು ಕೊಡುವವಳ ಪಾಡಿಗೆ ಇನ್ನೂ ಮಾತು ಹುಟ್ಟಿಲ್ಲ.

ಕೂಸು ಹುಟ್ಟಿದ್ದು 2023ರ ದೊಡ್ಡಹಬ್ಬದ, ಅಂದರೆ ದೀಪಾವಳಿಯ, ಹಿಂದಿನ ವಾರ. ಸಿಕ್ಕಿದ್ದು 26 ವಾರದ ರಜೆ. ಮೇ 7ಕ್ಕೆ ನಮ್ಮ ಜಿಲ್ಲೆಯಲ್ಲಿ ಲೋಕಸಭೆಗೆ ಮತದಾನ. ಬೆರಳಿನ ಶಾಯಿ ಆರುವ ಮೊದಲೇ, ಮರುದಿನ ಡ್ಯೂಟಿಗೆ ಹಾಜರಾದೆ. ಬೆಳಿಗ್ಗೆ ಏಳೂಕಾಲಿಗೆ ಬಸ್ಸು ಹತ್ತಿದರೆ ಮತ್ತೆ ಮನೆ ಕಾಣುವುದು ಸಂಜೆ ಏಳರ ಮೇಲೆ. ಹನ್ನೆರಡು ತಾಸು.

ನಮ್ಮದು ಒಂಬತ್ತು ಜನರ ಶಾಖೆ. 50 ಜನರಿದ್ದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಅಂತ ಕಾನೂನಿದೆಯಂತೆ, ಒಂಬತ್ತು ಜನಕ್ಕೆ ಏನೂ ಇಲ್ಲ. ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಯನ್ನು ಮೊಬೈಲಿನಲ್ಲೇ ಓದಿದೆ. ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಿಸಲಿಕ್ಕೆ ದಿನಕ್ಕೆ ಎರಡು ವಿರಾಮ ಕೊಡಬೇಕು. ಚಲೋ ಕಾನೂನೇ. ಅದನ್ನು ಬರೆದವರ ಕಣ್ಣೆದುರು ಇದ್ದದ್ದು ಗಿರಣಿಯ ಗೇಟಿನ ಹತ್ತಿರ ಅಜ್ಜಿಯ ಸೊಂಟದ ಮೇಲೆ ಕೂತು ಕಾಯುವ ಮಗು ಇರಬೇಕು. ನನ್ನ ಕೂಸು ಅಘನಾಶಿನಿ, ಗಂಗಾವಳಿ ಎರಡೂ ಹೊಳೆಯ ಆಚೆ ಇತ್ತು.

ಜಾಗ ಕೇಳಿದಾಗ "ರೆಕಾರ್ಡ್ ರೂಮ್ ಇದೆಯಲ್ಲ ಮೇಡಂ" ಅಂದರು. ಇತ್ತು, ಚಿಲಕ ಇರಲಿಲ್ಲ. ಬಾಗಿಲಿಗೆ ಕುರ್ಚಿ ಒತ್ತಿಟ್ಟು, ಗೆದ್ದಲು ಹತ್ತಿದ ಕಡತಗಳಿಗೆ ಬೆನ್ನು ಹಾಕಿ ಕೂರುತ್ತಿದ್ದೆ. ದಿನಕ್ಕೆ ಮೂರು ಸಲ: ಹನ್ನೊಂದಕ್ಕೆ, ಊಟದ ಹೊತ್ತಿಗೆ, ನಾಲ್ಕಕ್ಕೆ. ಪಂಪಿನ ಸದ್ದು ಕೇಳಿ ಕೇಳಿ ಅದಕ್ಕೆ ಮಾತು ಬಂದಿತ್ತು. ನನ್ನ ಪಂಪು ಇಡೀ ದಿನ "ಫೈಲೆಲ್ಲಿ, ಫೈಲೆಲ್ಲಿ" ಅನ್ನುತ್ತಿತ್ತು. ಹೊಸದಾಗಿ ಸೇರಿದ ಹುಡುಗ ಒಂದು ದಿನ ಹೊರಗೆ ಯಾರನ್ನೋ ಕೇಳಿದ, "ಒಳಗೆ ಮಿಕ್ಸಿ ಇಟ್ಟಿದಾರಾ?" ಅಂತ.

ಪಂಪಿಗೆ ಹಾಲು ಬರುವುದು ಕೂಸಿಗೆ ಬಂದ ಹಾಗಲ್ಲ. ತವರಿನ ಕೊಟ್ಟಿಗೆಯಲ್ಲಿ ಕರು ಬಿಡದೆ ಆಕಳು ಸೊರೆ ಬಿಡುತ್ತಿರಲಿಲ್ಲ, ಅಪ್ಪ ಎಷ್ಟು ಕೆಚ್ಚಲು ತೊಳೆದರೂ. ನನ್ನದೂ ಅದೇ ಕತೆ. ಮಶಿನ್ ಹಚ್ಚಿ ಐದು ನಿಮಿಷ ಕೂತರೂ ಗೋಡೆ ನೋಡಿಕೊಂಡಿದ್ದರೆ ನಾಲ್ಕು ಹನಿ. ಕೂಸು ಆಕಳಿಸುವ ಒಂದು ವಿಡಿಯೋ ಇತ್ತು, ಹನ್ನೊಂದು ಸೆಕೆಂಡಿನದು. ಅದನ್ನು ಹಾಕಿದರೆ ಎದೆ ಜುಮ್ಮೆಂದು ಸೊರೆ ಬಿಡುತ್ತಿತ್ತು. ಸಾವಿರ ಸಲ ನೋಡಿದ್ದೇನೆ.

ತೆಗೆದ ಹಾಲನ್ನು ತಂಪಾಗಿಡುವುದು ಇನ್ನೊಂದು ತಲೆಬಿಸಿ. ಹೊರಗೆ ನಾಲ್ಕು ತಾಸು ಇಡಬಹುದು ಅನ್ನುವುದು 25 ಡಿಗ್ರಿಯೊಳಗಿನ ಲೆಕ್ಕ, ಕಾರವಾರದ ಮೇ ತಿಂಗಳಿಗೆ ಹೊಂದುವುದಲ್ಲ. ಐಸ್ ಪ್ಯಾಕ್ ಮಧ್ಯಾಹ್ನಕ್ಕೇ ನೀರು. ಕನಿಕರಪಟ್ಟ ಸಹೋದ್ಯೋಗಿಯೊಬ್ಬರು ಮನೆಯಿಂದ ಥರ್ಮಾಕೋಲ್ ಡಬ್ಬಿ ತಂದುಕೊಟ್ಟರು. ತೊಳೆದದ್ದೇ, ಆದರೂ ಬಂಗಡೆಯ ವಾಸನೆ ಹೋಗಿರಲಿಲ್ಲ. ಅದನ್ನು ನಮ್ಮ ಹವ್ಯಕರ ಮನೆಯ ಅಡುಗೆಕೋಣೆಗೆ ಒಯ್ದಿದ್ದರೆ ಅತ್ತೆ ಏನನ್ನುತ್ತಿದ್ದರೋ. ಮನಸ್ಸಿಗೆ ನೋವಾಗದ ಹಾಗೆ ವಾಪಸು ಕೊಟ್ಟು, ದಪ್ಪದ ಚಿಲ್ಲರ್ ಬ್ಯಾಗ್ ತರಿಸಿಕೊಂಡೆ. ಕಪ್ಪು ಬಣ್ಣದ್ದು. ಕಂಡಕ್ಟರು ಅದನ್ನು ಲ್ಯಾಪ್‌ಟಾಪ್ ಅಂದುಕೊಂಡು ಮೇಲೆ ಇಡಲಿಕ್ಕೆ ಬಿಡುತ್ತಿರಲಿಲ್ಲ, "ಬೀಳ್ತದೆ ಮೇಡಂ, ತೊಡೆ ಮೇಲೇ ಇಟ್ಕೊಳಿ" ಅನ್ನುತ್ತಿದ್ದರು.

ಹೀಗೆ ಒಂದು ವರ್ಷ ಎಳೆದು ನಿಲ್ಲಿಸಿದರಾಯಿತು ಅಂದುಕೊಂಡಿದ್ದೆ. ಹಾಗೆ ನಿಲ್ಲಿಸಲು ಆಗದ್ದಕ್ಕೆ ಕಾರಣ ಜುಲೈ 16.

2024ರ ಜುಲೈ 16, ಮಂಗಳವಾರ. ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಗಂಗಾವಳಿಗೆ ನೂಕಿದ ದಿನ. ನಮ್ಮ ಬಸ್ಸು ಅವತ್ತು ಬೆಳಿಗ್ಗೆಯೇ ಅದೇ ಜಾಗ ದಾಟಿ ಬಂದಿತ್ತು. ಕಚೇರಿಯಲ್ಲಿ ಒಬ್ಬೊಬ್ಬರ ಮೊಬೈಲಿಗೂ ವಿಡಿಯೋ ಬರತೊಡಗಿದಾಗ ಕೈಕಾಲು ತಣ್ಣಗಾದವು. ಅಲ್ಲಿ ಮನೆಮಂದಿಯನ್ನೇ ಕಳೆದುಕೊಂಡವರ ಮುಂದೆ ನನ್ನದೊಂದು ಕತೆಯೇ ಅಲ್ಲ, ಗೊತ್ತು. ಆದರೂ ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು, ರಾತ್ರಿ ಕೂಸಿಗೆ ಏನು ಅನ್ನುವುದೊಂದೇ.

ಕಾರವಾರದ ರೈಲ್ವೆ ಸ್ಟೇಷನ್ ಇರುವುದು ಪೇಟೆಯಿಂದ ದೂರ, ಶಿರವಾಡದಲ್ಲಿ. ಆ ಮಳೆಯಲ್ಲಿ ರಿಕ್ಷಾ ಸಿಕ್ಕಿ ಮುಟ್ಟುವಷ್ಟರಲ್ಲಿ ಸಂಜೆಯ ರೈಲು ಹೋಗಿಯಾಗಿತ್ತು. ಸಹೋದ್ಯೋಗಿಯೊಬ್ಬಳು ತನ್ನ ಮನೆಗೆ ಕರಕೊಂಡು ಹೋದಳು. ಕರೆಂಟಿಲ್ಲ, ಪಂಪಿನ ಚಾರ್ಜ್ ಮುಗಿದಿತ್ತು. ಎಂಟು ಗಂಟೆಗೆ ಎದೆ ಕಲ್ಲಾಯಿತು. ಮೇಣದಬತ್ತಿಯ ಬೆಳಕಲ್ಲಿ ಬಚ್ಚಲುಮನೆಯಲ್ಲಿ ನಿಂತು, ಸ್ಟೀಲ್ ತಂಬಿಗೆಗೆ ಕೈಯಿಂದ ಹಿಂಡಿದೆ. ಇಡಲಿಕ್ಕೆ ಫ್ರಿಜ್ ಇಲ್ಲ, ಒಯ್ಯಲಿಕ್ಕೆ ದಾರಿಯಿಲ್ಲ. ಚೆಲ್ಲಲು ಹೋದರೆ ಅವಳ ತಾಯಿ ಬಂದು ಕೈ ಹಿಡಿದರು. "ಮೋರಿಗೆ ಬೇಡ ಬಾಯಿ," ಅಂದರು, ಕೊಂಕಣಿಯ ರಾಗದ ಕನ್ನಡದಲ್ಲಿ. ತಾವೇ ಕೊಡೆ ಹಿಡಿದು ಹೋಗಿ ತೆಂಗಿನ ಬುಡಕ್ಕೆ ಹೊಯ್ದು ಬಂದರು.

ಅತ್ತೆಗೆ ಫೋನು ತಾಗಿದ್ದು ಹತ್ತು ಗಂಟೆಗೆ. "ಕೂಸು ಮಲಗಿದ್ದು. ಫ್ರೀಜರಲ್ಲಿ ಹಾಲು ಇದ್ದಲೇ ಮಾರಾಯ್ತಿ, ಒಳಲೆಯಲ್ಲಿ ಕುಡಿಸಿದ್ದಿ. ನೀ ಸುಮ್ನಿರು." ನಮ್ಮ ಕೂಸು ಬಾಟಲಿ ಬಾಯಿಗೆ ಇಟ್ಟುಕೊಂಡದ್ದೇ ಇಲ್ಲ. ನಮ್ಮನೆಯವರು ಕುಡಿದ ಬೆಳ್ಳಿ ಒಳಲೆಯೇ ಅದಕ್ಕೂ ಆಯಿತು.

ಫ್ರೀಜರಿನಲ್ಲಿ ಇದ್ದದ್ದು ನಾಲ್ಕೇ ಪ್ಯಾಕೆಟ್. ಆ ರಾತ್ರಿಗೆ ಸಾಕಾಯಿತು, ಮರುದಿನ ರೈಲಿನಲ್ಲಿ ಮನೆ ಸೇರಿದೆ. ಆದರೆ ನಾಲ್ಕೇ ಅನ್ನುವುದು ನನ್ನೊಳಗೆ ಕೂತುಬಿಟ್ಟಿತು. ಅಲ್ಲಿಂದ ಮುಂದೆ ನಾನು ತೆಗೆದದ್ದು ಮರುದಿನದ ಹಾಲಲ್ಲ, ಮುಂದಿನ ಗುಡ್ಡ ಕುಸಿಯುವ ದಿನದ ಹಾಲು. ಅಕ್ಟೋಬರಿನ ಹೊತ್ತಿಗೆ ನಲವತ್ತು ಪ್ಯಾಕೆಟ್ ಆಗಿ, ಕಡುಬಿಗೆಂದು ಅತ್ತೆ ತೆಗೆದಿಟ್ಟ ಹಲಸಿನ ಹಣ್ಣಿನ ರಸಕ್ಕೂ ತುರಿದ ಕಾಯಿಗೂ ಫ್ರೀಜರಿನಲ್ಲಿ ಜಾಗವಿಲ್ಲ. ಅತ್ತೆ ಏನೂ ಅನ್ನಲಿಲ್ಲ. ಪ್ಯಾಕೆಟ್ಟಿನ ಮೇಲೆ ನಾನು ಬರೆದ ತಾರೀಕನ್ನು ಕನ್ನಡಕ ಹಾಕಿ ಓದಿ, ಹಳೆಯದನ್ನು ಮುಂದೆ, ಹೊಸದನ್ನು ಹಿಂದೆ ಜೋಡಿಸುತ್ತಿದ್ದರು.

ವರ್ಷ ತುಂಬಿದಾಗ ಮಕ್ಕಳ ಡಾಕ್ಟರು ಹೇಳಿದರು, ಇನ್ನು ಹಗಲಿಗೆ ತೆಗೆದ ಹಾಲೇ ಬೇಕೆಂದಿಲ್ಲ. ಮನೆಯ ಊಟ, ಮೊಸರು, ಲೋಟದಲ್ಲಿ ಸ್ವಲ್ಪ ಆಕಳ ಹಾಲು ಸಾಕು, ನೀವಿದ್ದಾಗ ನಿಮ್ಮದು ಕುಡಿಯಲಿ, ಎರಡು ವರ್ಷ, ಬೇಕಿದ್ದರೆ ಆಮೇಲೂ. ಹೂಂ ಅಂದು ಬಂದು ಮರುದಿನ ಮತ್ತೆ ಕಪ್ಪು ಚೀಲ ಹೆಗಲಿಗೇರಿಸಿದೆ. ಪಂಪು ನಿಲ್ಲಿಸಿದರೆ ಹಾಲೇ ಬತ್ತಿಹೋದರೆ? ಅದು ಹೆದರಿಕೆ. 

ಬಿಡುವಂತೆ ಮಾಡಿದ್ದು ಅತ್ತೆಯ ತಪ್ಪೊಪ್ಪಿಗೆ. ಒಂದು ಭಾನುವಾರ ಅವಲಕ್ಕಿ ಕಲಸುತ್ತ, ನನ್ನ ಮುಖ ನೋಡದೆ, "ಹದಿನೈದು ದಿನ ಆತು, ಕೂಸು ಒಳಲೆ ಕಂಡ್ರೆ ಮುಖ ತಿರಗಿಸ್ತು. ಆ ಹಾಲನ್ನ ರಾಗಿ ಮಣ್ಣಿಗೆ ಹಾಕ್ತಾ ಇದ್ದಿ. ನೀ ಬೇಜಾರು ಮಾಡ್ಕತ್ತೆ ಹೇಳಿ ಹೇಳಿದ್ನಿಲ್ಲೆ" ಅಂದರು. ನಾಲ್ಕು ಗಂಟೆಗೆ ಇಪ್ಪತ್ತೈದು ನಿಮಿಷ ಕೂತು, ವಿಡಿಯೋ ನೋಡಿ, ನಲವತ್ತು ಎಂಎಲ್ ತೆಗೆದು, ಎರಡು ತಾಸು ತೊಡೆಯ ಮೇಲೆ ಹೊತ್ತು ತಂದದ್ದು ಮಣ್ಣಿಗೆ, ಕೂಸಿನ ರಾಗಿ ಸರಿಗೆ! ಸಿಟ್ಟು ಬರಬೇಕಿತ್ತು. ನಗು ಬಂತು, ಅತ್ತೆಗೂ ಬಂತು.

ಒಮ್ಮೆಲೇ ಬಿಡಲಿಲ್ಲ. ಮೊದಲು ಊಟದ ಹೊತ್ತಿನದು. ಹದಿನೈದು ನಿಮಿಷವನ್ನು ಹತ್ತಕ್ಕೆ, ಹತ್ತನ್ನು ಐದಕ್ಕೆ ತಂದು ವಾರದಲ್ಲಿ ನಿಲ್ಲಿಸಿದೆ. ಹತ್ತು ದಿನ ಬಿಟ್ಟು ನಾಲ್ಕು ಗಂಟೆಯದು. ಹನ್ನೊಂದು ಗಂಟೆಯದನ್ನು ಕೊನೆಗೆ ಇಟ್ಟೆ, ಬೆಳಿಗ್ಗೆಯ ಹಾಲೇ ನನಗೆ ಹೆಚ್ಚು ಇಳಿಯುತ್ತಿತ್ತು. ತೀರಾ ಬಿಗಿದರೆ ಕೈಯಿಂದ ಸ್ವಲ್ಪ, ನೋವು ತಗ್ಗುವಷ್ಟೇ. ಪೂರ್ತಿ ಖಾಲಿ ಮಾಡಿದರೆ ಮೈ ಅದನ್ನು ಬೇಡಿಕೆ ಅಂದುಕೊಂಡು ಮತ್ತೆ ಅಷ್ಟೇ ತುಂಬಿಸುತ್ತದೆ. ತುಂಬಿಯೇ ಇದ್ದರೆ ತಾನಾಗಿ ನಿಧಾನ ಮಾಡುತ್ತದೆ. ಇಷ್ಟೇ ಇದರ ಗುಟ್ಟು.

ಸೋಮವಾರಗಳು ಕಷ್ಟ. ಶನಿವಾರ ಭಾನುವಾರ ಕೂಸು ಹೊತ್ತುಗೊತ್ತಿಲ್ಲದೆ ಕುಡಿಯುತ್ತದೆ, ಸೋಮವಾರ ಮೈಗೆ ಲೆಕ್ಕ ತಪ್ಪುತ್ತದೆ. ಡಿಸೆಂಬರಿನ ಒಂದು ಸೋಮವಾರ ಎಡಗಡೆ ಅಡಿಕೆಯಷ್ಟು ಗಂಟು, ಮುಟ್ಟಿದರೆ ಜೀವ ಹೋಗುವ ನೋವು. ಆಯಿ ಫೋನಿನಲ್ಲೇ ಮದ್ದು ಹೇಳಿದಳು, "ಮಲ್ಲಿಗೆ ಹೂಂಗು ಕಟ್ಟು. ನಿಂಗಳ ಬದಿಗೆ ಭಟ್ಕಳ ಮಲ್ಲಿಗೆ ಬತ್ತಲೇ." ಎದೆಗೆ ಮಲ್ಲಿಗೆ ಕಟ್ಟುವುದು ಹಾಲು ಪೂರ್ತಿ ಇಂಗಿಸಲಿಕ್ಕೆ. ನನಗೆ ಬೇಕಾದದ್ದು ಹಗಲಿನ ಹಾಲು ಮಾತ್ರ ಹೋಗುವ ಹೂವು. ಡಾಕ್ಟರಮ್ಮ ತಣ್ಣೀರ ಬಟ್ಟೆ ಇಡಲು ಹೇಳಿದರು. ಒತ್ತಿ ತಿಕ್ಕಬೇಡಿ, ಮಗು ಎಂದಿನಂತೆ ಕುಡಿಯಲಿ, ಜ್ವರ ಬಂದರೆ, ಕೆಂಪಾದರೆ ಕೂಡಲೇ ಬನ್ನಿ ಅಂದರು. ಜ್ವರ ಬರಲಿಲ್ಲ, ಎರಡು ದಿನದಲ್ಲಿ ಗಂಟು ಕರಗಿತು. ಸಾವಕಾಶ ಮಾಡದೆ ಒಂದೇ ವಾರದಲ್ಲಿ ಮೂರನ್ನೂ ನಿಲ್ಲಿಸಿದ್ದರೆ ಏನಾಗುತ್ತಿತ್ತು ಅನ್ನುವುದಕ್ಕೆ ಆ ಗಂಟು ಸಾಕು.

ಜನವರಿ ಎರಡನೇ ವಾರ ರೆಕಾರ್ಡ್ ರೂಮಿನ ಬಾಗಿಲಿಗೆ ಕುರ್ಚಿ ಒತ್ತುವುದು ನಿಂತಿತು. ಹನ್ನೊಂದಕ್ಕೆ ಎಲ್ಲರ ಜೊತೆ ಚಹಾ ಕುಡಿದೆ. ಏನೋ ಮರೆತುಬಂದ ಹಾಗೆ ಕೈ ಚೀಲ ಹುಡುಕುತ್ತಿತ್ತು. ಇನ್ನೊಂದು ದಿನ ಕೌಂಟರಿಗೆ ಬಂದ ಹೆಂಗಸಿನ ಕಂಕುಳಲ್ಲಿದ್ದ ಮಗು ಅತ್ತಿತು, ನನ್ನ ಕುರ್ತಾ ಒದ್ದೆ. ಎರಡೂ ಕೈಯಲ್ಲಿ ಲೆಡ್ಜರ್ ಎದೆಗೊತ್ತಿಕೊಂಡು ಅವರ ಕೆಲಸ ಮುಗಿಸಿಕೊಟ್ಟೆ.

ಹಾಲು ಬತ್ತಿತೇ? ಬತ್ತಲಿಲ್ಲ. ಕೂಸು ತನ್ನ ಹೊತ್ತು ಬದಲಿಸಿಕೊಂಡಿತು, ಅಷ್ಟೇ. ಹಗಲಿನದ್ದನ್ನೂ ಸೇರಿಸಿ ರಾತ್ರಿ ವಸೂಲು ಮಾಡತೊಡಗಿತು. ಮೂರು ವಾರ ರಾತ್ರಿ ನಾಲ್ಕು ನಾಲ್ಕು ಸಲ ಎದ್ದೆ. ಬಸ್ಸಿನಲ್ಲಿ ಕೂತ ಕೂಡಲೇ ನಿದ್ದೆ, ಅಂಕೋಲಾ ಬಂದದ್ದೂ ಹೋದದ್ದೂ ತಿಳಿಯುತ್ತಿರಲಿಲ್ಲ. ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆಮೇಲೆ ಒಂದು ಹದಕ್ಕೆ ಬಂತು: ಬೆಳಗಿನ ಜಾವ ಒಂದು, ಹೊರಡುವ ಮೊದಲು ಒಂದು, ಸಂಜೆ ಚಪ್ಪಲಿ ಬಿಡುವ ಮೊದಲೇ ಒಂದು, ರಾತ್ರಿ ಒಂದೆರಡು. ರಜೆಯ ದಿನ ಆರೇಳು ಸಲ ಕುಡಿದರೂ ಸಿಗುತ್ತದೆ. ಸೋಮವಾರ ಈಗ ತೊಂದರೆಯಿಲ್ಲ.

2025ರಲ್ಲಿ ಮೇ ಮುಗಿಯುವ ಮೊದಲೇ ಮಳೆ ಹಿಡಿಯಿತು. ಒಂದೂವರೆ ದಿನ ಕರೆಂಟಿಲ್ಲ. ನಾನು ಮನೆ ಸೇರುವ ಹೊತ್ತಿಗೆ ಅತ್ತೆ ಫ್ರೀಜರ್ ಖಾಲಿ ಮಾಡುತ್ತಿದ್ದರು. ಉಳಿದಿದ್ದ ಹದಿನಾಲ್ಕು ಪ್ಯಾಕೆಟ್ಟೂ ಕರಗಿ ಮೆತ್ತಗಾಗಿದ್ದವು. ಒಂದೊಂದನ್ನೇ ಬಾಗಿಲ ಬೆಳಕಿಗೆ ಹಿಡಿದು ತಾರೀಕು ಓದಿದರು, "ನವೆಂಬರ್ ಎಂಟು... ಡಿಸೆಂಬರ್ ಮೂರು..." ಕತ್ತರಿಯಿಂದ ಮೂಲೆ ಕತ್ತರಿಸಿ ತಂಬಿಗೆಗೆ ಸುರಿದರು.

"ಎಲ್ಲಿ ಹಾಕ್ತ್ರಿ ಅತ್ತೆ?"

"ತೆಂಗಿನ ಬುಡಕ್ಕೆ. ತುಳಿಯ ಜಾಗಕ್ಕೆ ಹಾಕ್ಲಾಗ."

ಕೊಡೆ ಬಿಚ್ಚಿ ಅಂಗಳಕ್ಕಿಳಿದರು. ನಾನು ನೋಡುತ್ತ ನಿಂತಿದ್ದೆ. ಕೂಸು ಹಿಂದಿನಿಂದ ಬಂದು ನನ್ನ ಒದ್ದೆ ದುಪ್ಪಟ್ಟಾ ಜಗ್ಗಿತು. "ಅಮ್ಮಿ," ಅಂದಿತು. ಜಗಲಿಯಲ್ಲೇ ಕೂತೆ.