ಸಫಾರಿ ಪಾರ್ಕಿಗೆ ಹೋದರೆ ಕಾಂಡೋರ್ ಮುಂದೆ ಜಾಸ್ತಿ ಹೊತ್ತು ನಿಲ್ಲಿ

ಊರಿಂದ ಯಾರೇ ಮಕ್ಕಳನ್ನು ಕರೆದುಕೊಂಡು ಸ್ಯಾನ್ ಡಿಯಾಗೋ ಕಡೆ ಬಂದರೂ ನಾನು ಹೇಳುವುದು ಒಂದೇ. ಇಲ್ಲಿನ ಸಫಾರಿ ಪಾರ್ಕ್ ನೋಡಿ, ಆದರೆ ಎಲ್ಲವನ್ನೂ ನೋಡಿ ಮುಗಿಸಬೇಕು ಅಂತ ಓಡಬೇಡಿ. ಹುಲಿ, ಸಿಂಹ, ಆನೆ ಹತ್ತಿರ ಮಕ್ಕಳು ತಾವೇ ಓಡುತ್ತಾರೆ. ಕ್ಯಾಲಿಫೋರ್ನಿಯಾ ಕಾಂಡೋರ್ ಹತ್ತಿರ ಮಾತ್ರ ನೀವೇ ಕೈಹಿಡಿದು ನಿಲ್ಲಿಸಬೇಕು.

ಇದು ರಣಹದ್ದಿನಂಥ ದೊಡ್ಡ ಹಕ್ಕಿ. ಕಪ್ಪು ಮೈ, ಪುಕ್ಕವೇ ಇಲ್ಲದ ತಲೆ. ನನ್ನ ಮಗಳು ಮೊದಲು ಮುಖ ಸಿಂಡರಿಸಿದಳು, ಆಮೇಲೆ ತಲೆ ಯಾಕೆ ಬೋಳು ಅಂತ ಕೇಳಿದಳು. ಸತ್ತ ಪ್ರಾಣಿಯ ಹೊಟ್ಟೆಗೆ ತಲೆ ತೂರಿಸಿ ತಿನ್ನುತ್ತದಲ್ವಾ, ಪುಕ್ಕ ಇದ್ದರೆ ಕೊಳೆತ ಮಾಂಸ ಅಂಟಿಕೊಳ್ಳುತ್ತೆ ಅಂದೆ. ಅಷ್ಟರಲ್ಲಿ ಅದು ರೆಕ್ಕೆ ಬಿಚ್ಚಿತು. ಈ ತುದಿಯಿಂದ ಆ ತುದಿಗೆ ಸುಮಾರು 9.5 ಅಡಿ! ಅಲ್ಲಿಂದ ಮುಂದೆ ಅವಳು ಕದಲಲೇ ಇಲ್ಲ.

1982ರಲ್ಲಿ ಇಡೀ ಜಗತ್ತಿನಲ್ಲಿ ಇವು ಉಳಿದಿದ್ದು 22. 1987ರಲ್ಲಿ ಕಾಡಿನಲ್ಲಿದ್ದ ಕೊನೆಯ ಹಕ್ಕಿಯನ್ನೂ ಹಿಡಿದು ತಂದರು, ಆಗ ಒಟ್ಟು 27. ಒಂದು ಜೋಡಿ ಸಾಮಾನ್ಯವಾಗಿ ಎರಡು ವರ್ಷಕ್ಕೊಂದು ಮೊಟ್ಟೆ ಇಡುತ್ತೆ ಅಷ್ಟೆ, ಆದರೆ ಇಟ್ಟ ಮೊಟ್ಟೆಯನ್ನು ಬೇಗ ತೆಗೆದರೆ ಇನ್ನೊಂದು ಇಡುವುದುಂಟು, ಅದನ್ನೇ ನೆಚ್ಚಿಕೊಂಡು ಜೂನವರು ಸಂತಾನ ಹೆಚ್ಚಿಸಿದರು. ಮರಿಗಳು ಮನುಷ್ಯರಿಗೆ ಒಗ್ಗಿಬಿಡಬಾರದು ಅಂತ ಕಾಂಡೋರ್ ತಲೆಯಂಥ ಗೊಂಬೆಯನ್ನು ಕೈಗೆ ತೊಟ್ಟು, ತಾವು ಮರೆಯಲ್ಲಿ ನಿಂತು ತಿನ್ನಿಸಿದರು. ಮಕ್ಕಳು ಯಾವುದನ್ನು ಮರೆತರೂ ಈ ಗೊಂಬೆಯನ್ನು ಮರೆಯಲ್ಲ. 1992ರಿಂದ ಮತ್ತೆ ಕಾಡಿಗೆ ಬಿಡತೊಡಗಿದರು. ಈಗ 500ಕ್ಕೂ ಜಾಸ್ತಿ ಇವೆ, ಅರ್ಧಕ್ಕಿಂತ ಹೆಚ್ಚು ಹೊರಗೆ ಹಾರಾಡಿಕೊಂಡಿವೆ.

"ಅಯ್ಯೋ ಪಾಪ, ಕೆಲವೇ ಉಳಿದಿವೆ" ಅಂತ ಸುಮ್ನೆ ಹೇಳಿ ಮುಂದೆ ಹೋದರೆ ಮಕ್ಕಳಿಗೆ ಬೇಜಾರಾಗುತ್ತೆ, ಬೇರೇನೂ ದಕ್ಕಲ್ಲ. ಯಾಕೆ ಸತ್ತವು ಅಂತ ಹೇಳಲೇಬೇಕು. ಬೇಟೆಯಾಡಿದವರು ಬಿಟ್ಟುಹೋದ ಮಾಂಸದಲ್ಲಿ ಸೀಸದ ಗುಂಡಿನ ಚೂರುಗಳಿರುತ್ತವೆ, ಅದು ಇವುಗಳ ಹೊಟ್ಟೆ ಸೇರಿ ವಿಷವಾಗುತ್ತೆ. "ಬೇರೆ ಗುಂಡು ಇಲ್ವಾ?" ಅಂತ ಮಗಳ ಮುಂದಿನ ಪ್ರಶ್ನೆ. ಇದೆ, ತಾಮ್ರದ್ದು. 2019ರಿಂದ ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ.

ನಮ್ಮ ದೇಶದ ರಣಹದ್ದುಗಳ ಕತೆಯೂ ಇದೇ ಥರದ್ದು, ಅಲ್ಲಿ ವಿಷವಾಗಿದ್ದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ. ದನಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು, ಹದ್ದುಗಳಿಗೆ ತೊಂದರೆ ಮಾಡದ ಮೆಲಾಕ್ಸಿಕಾಮ್ ಇದ್ದೇ ಇದೆ. ಅಲ್ಲಿ ಜೂಗೆ ಹೋದಾಗಲೂ ಮಕ್ಕಳಿಗೆ ಇದನ್ನು ಹೇಳಿ, ದಯವಿಟ್ಟು.

ಇಲ್ಲಿನ ಕೆಲಸ ಇನ್ನೂ ಮುಗಿದಿಲ್ಲ. ಬಿಟ್ಟ ಹಕ್ಕಿಗಳ ರೆಕ್ಕೆಗೆ ನಂಬರ್ ಹಾಕಿರುತ್ತಾರೆ. ಆಗಾಗ ಅವನ್ನು ಹಿಡಿದು ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡುತ್ತಾರೆ, ಜಾಸ್ತಿ ಇದ್ದರೆ ಚಿಕಿತ್ಸೆ ಕೊಟ್ಟು, ಸುಧಾರಿಸಿದ ಮೇಲೆ ಮತ್ತೆ ಬಿಡುತ್ತಾರೆ.