ಹಳೇ ಪುಸ್ತಕದಂಗಡಿಯಲ್ಲಿ ಕೆಳಗಿನ ಸಾಲನ್ನೂ ನೋಡಿ

ಹೆಸರು ಗೊತ್ತಿರುವ ಪುಸ್ತಕ ಬೇಕಾದರೆ ಫೋನ್ ಸಾಕು. ಹೀಗೊಂದು ಪುಸ್ತಕ ಇದೆ ಅಂತಲೇ ಗೊತ್ತಿಲ್ಲದಿದ್ದರೆ ಏನಂತ ಟೈಪ್ ಮಾಡಿ ಹುಡುಕುವುದು? ಒಂದೇ ಮುದ್ರಣ ಕಂಡು, ಸಾವಿರ ಪ್ರತಿ ಖರ್ಚಾಗಿ, ಮತ್ತೆ ಅಚ್ಚಿಗೆ ಹೋಗದೆ ಮರೆತುಹೋದ ಪುಸ್ತಕಗಳು ಕನ್ನಡದಲ್ಲಿ ರಾಶಿ ಇವೆ. ಅವು ಆಗಾಗ ತಲೆ ಎತ್ತುವುದು ಹಳೇ ಪುಸ್ತಕದಂಗಡಿಗಳಲ್ಲಿ. ಕೈಗೆ ಬಂದಾಗ ಆಗುವ ಖುಷಿಗೆ ಸಾಟಿಯಿಲ್ಲ. ಅದು ಬರೀ ಅದೃಷ್ಟ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಲ್ಲಿ ನೋಡಬೇಕು, ಏನನ್ನು ನೋಡಬೇಕು ಅಂತ ಗೊತ್ತಿದ್ದವರಿಗೆ ಹೆಚ್ಚು ಸಿಗುತ್ತದೆ.

ಬೆಂಗಳೂರಿನಲ್ಲಿ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ನಂಥ ಕಡೆ ಹಳೇ ಪುಸ್ತಕಗಳನ್ನೂ ವಿಂಗಡಿಸಿ ಇಟ್ಟಿರುತ್ತಾರೆ. ಬೆಲೆಯ ಚೀಟಿ ಅಂಟಿರುತ್ತದೆ, ನಿಂತು ಓದಬಹುದು. ಅವೆನ್ಯೂ ರಸ್ತೆಯ ಲೆಕ್ಕವೇ ಬೇರೆ. ಅಲ್ಲಿನ ಮುಖ್ಯ ವ್ಯಾಪಾರ ಪಠ್ಯಪುಸ್ತಕ, ಗೈಡು. ಶಾಲೆ ಕಾಲೇಜು ಶುರುವಾಗುವ ಜೂನ್, ಜುಲೈನಲ್ಲಿ ಹೋದರೆ ಅಂಗಡಿಯವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ಸಾಹಿತ್ಯದ ಕಟ್ಟುಗಳು ಒಳಗೆಲ್ಲೋ ಸೇರಿರುತ್ತವೆ. ಆ ಗಲಾಟೆ ಮುಗಿದ ಮೇಲೆ, ವಾರದ ನಡುವಿನ ದಿನ, ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋಗಿ. ಯಾರದೋ ಮನೆ ಖಾಲಿ ಮಾಡಿದಾಗ ಬಂದ ಕಟ್ಟು ಇನ್ನೂ ಬಿಚ್ಚದೆ ಇದ್ದರೆ ಮೊದಲು ಅದನ್ನು ಕೇಳಿ. ಒಬ್ಬರೇ ಓದುಗರು ಜೀವಮಾನವಿಡೀ ಕೂಡಿಸಿದ್ದು ಒಂದೇ ಕಟ್ಟಿನಲ್ಲಿ ಇರುತ್ತದೆ. ಅದರಲ್ಲಿ ಒಂದು ಒಳ್ಳೆಯದು ಸಿಕ್ಕರೆ ಇನ್ನೂ ಮೂರು ಸಿಗುವ ಸಂಭವ ಜಾಸ್ತಿ.

ಬೆನ್ನಿನ ಹೆಸರು ಓದಿಕೊಂಡು ಸಾಗಿದರೆ ಕನ್ನಡದ ಹಳೆಯ ಪುಸ್ತಕಗಳಲ್ಲಿ ಒಂದು ಪಾಲು ಕಣ್ಣಿಗೆ ಬೀಳುವುದೇ ಇಲ್ಲ. ನಲವತ್ತು, ಅರವತ್ತು ಪುಟದ ಕಿರುಪುಸ್ತಕಗಳಿಗೆ ನಡುವೆ ಎರಡು ಪಿನ್ ಹೊಡೆದಿರುತ್ತಾರೆ. ಬೆನ್ನೇ ಇಲ್ಲದ ಮೇಲೆ ಹೆಸರೆಲ್ಲಿಂದ ಬರಬೇಕು? ಇಂಥವು ಎರಡು ದಪ್ಪ ಪುಸ್ತಕಗಳ ನಡುವೆ ಸಿಕ್ಕಿಕೊಂಡು ಒಂದು ಗೆರೆಯ ಹಾಗೆ ಕಾಣುತ್ತವೆ. ಒಂದೊಂದನ್ನೂ ಹೊರಗೆಳೆದು ನೋಡಿ. ಎಳೆಯುವಾಗ ಬೆನ್ನಿನ ಮೇಲ್ತುದಿಗೆ ಬೆರಳು ಹಾಕಬೇಡಿ, ಹಳೇ ರಟ್ಟು ಅಲ್ಲೇ ಕಿತ್ತುಬರುತ್ತದೆ. ಅಕ್ಕಪಕ್ಕದ ಪುಸ್ತಕಗಳನ್ನು ಒಳಕ್ಕೆ ತಳ್ಳಿ, ಬೇಕಾದದ್ದರ ನಡುಭಾಗ ಹಿಡಿದು ತೆಗೆಯಿರಿ.

ನನ್ನ ಮಟ್ಟಿಗೆ ಅತಿ ಹೆಚ್ಚು ಅಚ್ಚರಿ ಅಡಗಿರುವುದು ಈ ತೆಳು ಪುಸ್ತಕಗಳಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರ ಪುಸ್ತಕಮಾಲೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪನ್ಯಾಸ ಗ್ರಂಥಮಾಲೆ, ಎರಡರಲ್ಲೂ ವಿಷಯ ಬಲ್ಲವರು ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಿಕೆಗಳಿವೆ. ಮಾಸ್ಕೋದಲ್ಲೇ ಅಚ್ಚಾಗಿ ಬಂದ ಕನ್ನಡ ಅನುವಾದಗಳೂ ಇವೆ. ಒಳ್ಳೆಯ ಚಿತ್ರಗಳಿರುವ ಅಲ್ಲಿನ ಮಕ್ಕಳ ಪುಸ್ತಕ ಸುಸ್ಥಿತಿಯಲ್ಲಿ ಸಿಕ್ಕರೆ ಬಿಡಬೇಡಿ, 1991ರಲ್ಲಿ ಸೋವಿಯತ್ ಒಕ್ಕೂಟವೇ ಹೋದ ಮೇಲೆ ಆ ಬಾಗಿಲು ಮುಚ್ಚಿತು. ದೊಡ್ಡ ಮಾಲೆಗಳು ಬಿಡಿಬಿಡಿಯಾಗಿ ಬರುತ್ತವೆ. ನಿರಂಜನರು ಸಂಪಾದಿಸಿ ನವಕರ್ನಾಟಕ ತಂದ ವಿಶ್ವಕಥಾಕೋಶ 25 ಸಂಪುಟಗಳದು. ಅಂಗಡಿಗೆ ಒಂದೋ ಎರಡೋ ಸಂಪುಟ ಬಂದಿರುತ್ತವೆ. ಪೂರ್ತಿ ಸೆಟ್ ಇಲ್ಲವೆಂದು ಬಿಟ್ಟುಬರಬೇಡಿ, ಪ್ರತಿ ಸಂಪುಟವೂ ತನ್ನಷ್ಟಕ್ಕೆ ಓದಿಸಿಕೊಳ್ಳುತ್ತದೆ.

ಕೈಗೆ ಬಂದ ಪುಸ್ತಕದ ಮುಖಪುಟಕ್ಕಿಂತ ಮೊದಲು ಅಚ್ಚಿನ ವಿವರಗಳ ಪುಟ ತೆಗೆಯಿರಿ. ಮುದ್ರಣ ಎಷ್ಟನೆಯದು, ಎಷ್ಟು ಪ್ರತಿ, ಯಾವ ಪ್ರೆಸ್ಸು, ಪುಟ ಎಷ್ಟು ಎಲ್ಲ ಅಲ್ಲಿರುತ್ತದೆ. ಆ ಪುಟವೇ ಹರಿದುಹೋಗಿದ್ದರೂ ಕಾಲ ಅಂದಾಜಿಸಬಹುದು. ಬೆಲೆ ರೂಪಾಯಿ, ಆಣೆಯಲ್ಲಿ ಮಾತ್ರ ಇದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ‘ನ.ಪೈ.’ ಅಂತ ಇದ್ದರೆ ನಯಾಪೈಸೆಯ ಕಾಲ, 1957ರಿಂದ 1964ರ ಆಸುಪಾಸು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ನಂತರದ್ದು. ‘ಮೈಸೂರು ರಾಜ್ಯ’ ಅಂತ ಇದ್ದರೆ 1973ರ ನವೆಂಬರ್‌ಗಿಂತ ಮುಂಚಿನದು. ಆದರೆ ಒಂದು ಎಚ್ಚರ: ಉಳಿದ ಪ್ರತಿಗಳಿಗೆ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿ ಮಾರುವುದು ಮಾಮೂಲು. ಚೀಟಿಯನ್ನು ಬೆಳಕಿಗೆ ಹಿಡಿದರೆ ಕೆಳಗಿನ ಬೆಲೆ ಕಾಣಬಹುದು. ಇನ್ನೊಂದು ಗುರುತು, ಪುಟದ ಹಿಂಬದಿ ಬೆರಳಾಡಿಸಿ ನೋಡುವುದು. ಹಿಂದಿನ ಕಾಲದ ಹಾಗೆ ಮೊಳೆ, ಅಂದರೆ ಲೋಹದ ಬಿಡಿ ಅಕ್ಷರ, ಜೋಡಿಸಿ ಅಚ್ಚು ಹಾಕಿದ್ದಾದರೆ ಅಕ್ಷರ ಒತ್ತಿದ ಉಬ್ಬು ಬೆರಳಿಗೆ ಸಿಗುತ್ತದೆ.

ಆಮೇಲೆ ಪುಟ ಎಣಿಸಿ. ವಿವರದಲ್ಲಿ 156 ಪುಟ ಅಂದಿದ್ದರೆ 156ನೇ ಪುಟ ಇದೆಯೇ ನೋಡಿ. ಕೊನೆಯ ಪುಟ ಇದ್ದಮಾತ್ರಕ್ಕೆ ಪುಸ್ತಕ ಪೂರ್ತಿ ಇದೆ ಅಂತಲ್ಲ. ಡೆಮಿ ಅಳತೆಯ ಪುಸ್ತಕದಲ್ಲಿ ಸಾಮಾನ್ಯವಾಗಿ 16 ಪುಟಕ್ಕೊಂದು ಫಾರಂ, ಅಂದರೆ ಒಟ್ಟಿಗೆ ಅಚ್ಚು ಹಾಕಿ ಮಡಿಚಿದ ಒಂದು ಕಟ್ಟು. ಬೈಂಡಿಂಗ್‌ನಲ್ಲಿ ಫಾರಂ ತಪ್ಪಿದರೆ ಒಟ್ಟಿಗೆ 16 ಪುಟ ಮಾಯ, ಇಲ್ಲವೇ ಅದೇ 16 ಪುಟ ಎರಡು ಸಲ. ಹಾಗಾಗಿ 16–17, 32–33, 48–49 ಹೀಗೆ ಫಾರಂ ಕೂಡುವ ಜಾಗಗಳನ್ನು ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಮುನ್ನುಡಿಯನ್ನೂ ಸೇರಿಸಿ ಫಾರಂ ಮಡಿಚಿದ್ದರೆ ಈ ಅಂಕಿಗಳು ಹಿಂದುಮುಂದಾಗುತ್ತವೆ, ಆಗ ಹೊಲಿಗೆ ಎಲ್ಲಿ ಬಿಡುತ್ತದೆ ನೋಡಿಕೊಳ್ಳಿ. ಅಪರೂಪದ ಪುಸ್ತಕವಾದರೆ ಫಾರಂ ಇಲ್ಲದಿದ್ದರೂ ಕೊಳ್ಳಿ, ಗ್ರಂಥಾಲಯದ ಪ್ರತಿಯಿಂದ ಆ ಪುಟಗಳ ಜೆರಾಕ್ಸ್ ತೆಗೆಸಿ ಒಳಗಿಡಬಹುದು. ಗ್ರಂಥಾಲಯದ ಮೊಹರು ಇದ್ದು, ರದ್ದುಪಡಿಸಿದ ಗುರುತು ಇಲ್ಲದ ಪುಸ್ತಕವನ್ನು ಮಾತ್ರ ಮುಟ್ಟಬೇಡಿ. ಅದು ಅಲ್ಲಿಗೇ ವಾಪಸು ಹೋಗಬೇಕಾದ್ದು.

ಕಾಗದ ಕಂದಾಗಿರುವುದು ದೊಡ್ಡ ದೋಷವಲ್ಲ. ತಿರುಗಿಸುವಾಗ ಅಂಚು ಪುಡಿಯಾಗಿ ಉದುರಿದರೆ ಅದು ಆಮ್ಲ ತಿಂದ ಕಾಗದ, ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಲಷ್ಟೇ ಲಾಯಕ್ಕು. ಸಣ್ಣ ದುಂಡು ತೂತಿನಿಂದ ಹೊಸ ಪುಡಿ ಉದುರಿದರೆ ಹುಳ ಒಳಗೇ ಇದೆ. ಅಂಥದ್ದನ್ನು ನೇರ ಕಪಾಟಿಗೆ ಸೇರಿಸಿದರೆ ಉಳಿದವೂ ಹೋಗುತ್ತವೆ. ಪುಸ್ತಕ ಒಣಗಿದೆಯೆಂದು ಖಾತ್ರಿ ಮಾಡಿಕೊಂಡು, ಗಾಳಿಯಾಡದ ಜಿಪ್ ಕವರಿನಲ್ಲಿ ಹಾಕಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ಬಿಚ್ಚಿದರೆ ತಣ್ಣಗಿನ ಹಾಳೆಯ ಮೇಲೆ ನೀರು ಕೂರುತ್ತದೆ. ಬೂಷ್ಟಿಗೆ ಇದು ಮದ್ದಲ್ಲ. ಬೂಷ್ಟು ಹಿಡಿದದ್ದನ್ನು ನೆರಳಿನಲ್ಲಿ ಗಾಳಿಗೆ ಒಣಗಿಸಿ, ಮಾಸ್ಕ್ ಹಾಕಿಕೊಂಡು ಹೊರಗೆ ಮೆತ್ತನೆ ಬ್ರಷ್‌ನಲ್ಲಿ ಒರೆಸಬೇಕು.

ಕಿರುಪುಸ್ತಕದ ಪಿನ್ ತುಕ್ಕು ಹಿಡಿದಿದ್ದರೆ ತಡಮಾಡಬೇಡಿ, ತುಕ್ಕು ಕಾಗದವನ್ನು ತಿನ್ನುತ್ತಲೇ ಇರುತ್ತದೆ. ಮೊಂಡು ಚಾಕುವಿನಿಂದ ಪಿನ್ನಿನ ಕಾಲು ಬಿಡಿಸಿ ಹಿಂಬದಿಯಿಂದ ಎಳೆಯಿರಿ. ಎರಡು ತೂತುಗಳ ನಡುವೆ ಸೂಜಿಯಲ್ಲಿ ಮೂರನೆಯದು ಮಾಡಿ. ಹತ್ತಿ ದಾರವನ್ನು ಒಳಗಿನಿಂದ ನಡುತೂತಿಗೆ ಹಾಕಿ ಹೊರಗೆಳೆದು, ಮೇಲಿನ ತೂತಿನಿಂದ ಒಳಕ್ಕೆ ತನ್ನಿ. ಒಳಗೇ ಕೆಳತೂತಿನವರೆಗೆ ಹೋಗಿ ಹೊರಕ್ಕೆ, ಮತ್ತೆ ನಡುತೂತಿನಿಂದ ಒಳಕ್ಕೆ. ಎರಡು ತುದಿಗಳು ಉದ್ದ ಹೊಲಿಗೆಯ ಆಚೆ ಒಂದು, ಈಚೆ ಒಂದು ಬರುವಂತೆ ಮಾಡಿ ಗಂಟು ಹಾಕಿ. ಸೆಲ್ಲೋಟೇಪ್ ಬೇಡವೇ ಬೇಡ. ಕೆಲವೇ ವರ್ಷಗಳಲ್ಲಿ ಅಂಟು ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ.

ಬೆಲೆ ಮಾತಾಡುವಾಗ ಬೇಕಾದ ಒಂದನ್ನೇ ಹಿಡಿದು ಕೇಳಬೇಡಿ. ಐದಾರು ಪುಸ್ತಕ ಆರಿಸಿ, “ಎಲ್ಲಾ ಸೇರಿ ಎಷ್ಟಕ್ಕೆ ಕೊಡ್ತೀರಾ ಅಣ್ಣ?” ಅನ್ನಿ. ದುಬಾರಿ ಹೇಳಿದರೆ ದುಡ್ಡು ಕೊಡುವ ಮುಂಚೆ ಇಂಟರ್‌ನೆಟ್ ಆರ್ಕೈವ್ ಜಾಲತಾಣ ನೋಡಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳು ಅಲ್ಲಿವೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಅಡ್ಡಾದಿಡ್ಡಿ ಬರೆದಿರುವುದರಿಂದ ಮೂರು ನಾಲ್ಕು ಥರ ಬರೆದು ಹುಡುಕಬೇಕು. ಅಲ್ಲಿ ಇದ್ದರೆ ಓದಲು ಅದು ಸಾಕು, ಇಲ್ಲದಿದ್ದರೆ ನಿಮ್ಮ ಕೈಯಲ್ಲಿರುವ ಪ್ರತಿಗೆ ಬೆಲೆ ಹೆಚ್ಚು. ಲೇಖಕರು ತೀರಿಕೊಂಡು 60 ವರ್ಷ ದಾಟಿ ಹಕ್ಕುಸ್ವಾಮ್ಯ ಮುಗಿದಿದ್ದರೆ, ಸ್ಕ್ಯಾನ್ ಮಾಡಿ ನೀವೇ ಅಲ್ಲಿಗೆ ಸೇರಿಸಿ.

ಮನೆಗೆ ತಂದ ಮೇಲೆ ಕೊನೆಯ ಹಾಳೆಗಳನ್ನು ಓದದೆ ಮುಚ್ಚಬೇಡಿ. ‘ನಮ್ಮ ಇತರ ಪ್ರಕಟಣೆಗಳು’ ಅಂತ ಪ್ರಕಾಶಕರು ಹಾಕುವ ಪಟ್ಟಿಯಲ್ಲಿ ಎಲ್ಲೂ ಕೇಳಿರದ ಹತ್ತು ಹೆಸರುಗಳು ಇರುತ್ತವೆ. ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅಂಗಡಿಯವರಿಗೆ ಆ ಹೆಸರುಗಳ ಜೊತೆಗೆ, “ಸಣ್ಣ ಪುಸ್ತಕ, ಹಳೇ ಪ್ರಕಟಣೆ, ವಿಷಯ ಯಾವುದಾದರೂ ಸರಿ, ಬಂದರೆ ತೆಗೆದಿಡಿ” ಅಂತ ಹೇಳಿ ಫೋನ್ ನಂಬರ್ ಕೊಟ್ಟು ಬನ್ನಿ. ಬಹಳಷ್ಟು ಅಂಗಡಿಗಳಲ್ಲಿ ತೆಳು ಪುಸ್ತಕ ತೂಕದ ಲೆಕ್ಕದಲ್ಲಿ ರದ್ದಿಗೆ ಹೋಗುವುದು, ಕೇಳುವವರಿಲ್ಲ ಅನ್ನುವ ಒಂದೇ ಕಾರಣಕ್ಕೆ.