ಮಿನಿವ್ಯಾನ್ ಇರಲಿ ಅಂತಲೇ ನನ್ನ ಮತ

ಮಾರ್ಚ್ 15, 2025, ಶನಿವಾರ

ವ್ಯಾನ್ ಕೊಟ್ಟು ಎಸ್‌ಯುವಿ ತಗೊಳ್ಳೋಣ ಅಂತ ಇವರು ಇವತ್ತು ಮತ್ತೆ ಮಾತು ತೆಗೆದರು. ನಾನು ಒಪ್ಪಲಿಲ್ಲ. ಮೊದಲ ಕಾರಣ ಆ ಸ್ಲೈಡಿಂಗ್ ಬಾಗಿಲು.

ಪಕ್ಕದ ಕಾರು ಎಷ್ಟೇ ಒತ್ತಿ ನಿಂತಿರಲಿ, ಬಾಗಿಲು ಹಿಂದಕ್ಕೆ ಸರಿಯುತ್ತದೆ. ಮಕ್ಕಳು ರಪ್ಪನೆ ತೆಗೆದು ಯಾರದೋ ಕಾರಿಗೆ ಬಡಿಯುತ್ತಾರೆ ಅನ್ನೋ ಭಯವಿಲ್ಲ. ಮಂಡಿ ನೋವಿರುವ ಅಮ್ಮ ಹತ್ತುವುದನ್ನು ನೋಡಬೇಕು. ಹಿಡಿಕೆ ಹಿಡಿದು ಒಂದು ಕಾಲು ಒಳಗಿಡುತ್ತಾರೆ, ಸೀಟಿನ ಅಂಚಿಗೆ ಕೂರುತ್ತಾರೆ, ಆಮೇಲೆ ಇನ್ನೊಂದು ಕಾಲು ಎಳೆದುಕೊಳ್ಳುತ್ತಾರೆ. ಯಾರೂ ಕೈ ಕೊಡಬೇಕಿಲ್ಲ. ನೆಲ ಅಷ್ಟು ತಗ್ಗು. ಇಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುವುದರಿಂದ ಸೀಟುಗಳ ಕೆಳಗೆ ಹಿಂದಿನ ಚಕ್ರದವರೆಗೆ ಶಾಫ್ಟ್, ಅಂದರೆ ಇಂಜಿನ್ ಶಕ್ತಿ ಒಯ್ಯುವ ಉದ್ದನೆಯ ಸರಳು, ಹಾಯಬೇಕಿಲ್ಲ, ಅದಕ್ಕೇ ಈ ತಗ್ಗು. 1984ರ ಮಾದರಿಯಾಗಿ ಬಂದ ಅಮೆರಿಕದ ಮಿನಿವ್ಯಾನ್ ಡಾಡ್ಜ್ ಕ್ಯಾರವಾನ್ ಹಿಡಿದ ದಾರಿಯೂ ಇದೇ. ಆಗ ಅದಕ್ಕಿದ್ದದ್ದು ಒಂದೇ ಸ್ಲೈಡಿಂಗ್ ಬಾಗಿಲು. ಡ್ರೈವರ್ ಕಡೆಗೂ ಒಂದು ಸಿಕ್ಕಿದ್ದು 1996ರ ಮಾದರಿಯಲ್ಲಿ. ಈಗ ಎರಡೂ ಕಡೆ ಇಲ್ಲದ ವ್ಯಾನ್ ಊಹಿಸೋಕೂ ಆಗಲ್ಲ, ಅಲ್ವಾ?

ಮೂರನೇ ಸಾಲು ಇನ್ನೊಂದು ಸುಖ. ಮಡಚಿದರೆ ಹಿಂದೆ ನೆಲದಲ್ಲಿರುವ ಗುಂಡಿಯೊಳಗೆ ಪೂರ್ತಿ ಇಳಿದುಬಿಡುತ್ತದೆ. ಸೀಟು ಎತ್ತಿ ನಿಲ್ಲಿಸಿದರೆ ಅದೇ ಗುಂಡಿಯಲ್ಲಿ ದೊಡ್ಡ ಸೂಟ್‌ಕೇಸ್ ನಿಲ್ಲುತ್ತದೆ. ಮೂರು ಸಾಲಿನ ಎಷ್ಟೋ ಎಸ್‌ಯುವಿಗಳಲ್ಲಿ ಎಲ್ಲರೂ ಕೂತ ಮೇಲೆ ಲಗೇಜಿಗೆ ಜಾಗವೇ ಉಳಿಯಲ್ಲ.

ಇವರ ದೂರೂ ಸುಳ್ಳಲ್ಲ. ಐದು ಮೀಟರ್ ದಾಟುವ ಉದ್ದ, ಒಂದೇ ಸಲಕ್ಕೆ ತಿರುಗಿಸಿ ನಿಲ್ಲಿಸೋದು ಕಷ್ಟ. ಕಡಿದಾದ ರ‍್ಯಾಂಪ್ ಹತ್ತುವಾಗ ಮುಂದಿನ ಬಂಪರ್ ಉಜ್ಜುತ್ತದೆ. ಕಚ್ಚಾ ರಸ್ತೆಗಂತೂ ಇದು ಸಲ್ಲ. ಮಧ್ಯದ ಸೀಟು ಹೊರಗೆ ತೆಗೆಯೋಕೆ ಇಬ್ಬರು ಬೇಕು, ಅಷ್ಟು ಭಾರ. ಬಾಗಿಲಿನ ಹಳಿಯಲ್ಲಿ ಮರಳು, ಬಿಸ್ಕತ್ತಿನ ಪುಡಿ ತುಂಬಿ ಬಾಗಿಲು ತಡೆಯುತ್ತದೆ, ಆಗಾಗ ಒರೆಸುತ್ತಲೇ ಇರಬೇಕು. ಎಲ್ಲರೂ ಕೂತಾಗ ಬ್ರೇಕಿಗೆ ಜಾಸ್ತಿ ದೂರ ಬೇಕು. ಇವುಗಳಲ್ಲಿ ನನಗೆ ನಿಜವಾಗಿ ಚಿಂತೆ ತರುವುದು ಈ ಬ್ರೇಕಿನದು ಮಾತ್ರ. ಉಳಿದವಕ್ಕೆ ಹೊಂದಿಕೊಳ್ಳಬಹುದು.

ಇವರಿಗೆ ಇನ್ನೂ ಸಮಾಧಾನವಿಲ್ಲ. ಸರಿ, ಎಸ್‌ಯುವಿ ನೋಡಿ ಬರೋಣ. ಆದರೆ ಅಮ್ಮನೂ ಜೊತೆಗೆ ಬರಲಿ, ಮೂರನೇ ಸಾಲಿಗೆ ನೀವೇ ಹತ್ತಿ ಕೂತು ನೋಡಿ ಅಂದಿದ್ದೇನೆ.